ಇಫ್ತಾರಿನ ಮೊದಲ ಗುಟುಕು

ದೆವ್ವ, ಜಿನ್ನು ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವ ಸ್ವಭಾವ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳಲಿರುವುದನ್ನು ಕೇಳಿ ನೀವೂ ಎದ್ದು ಹೋಗುವ ಸಾಧ್ಯತೆ ಇದೆ. ಊರಿನಲ್ಲಿದ್ದಾಗ, ಇಗರ್ಜಿಯ ಹಿಂದಿನ ದಾರಿಯಲ್ಲಿ ಬಿಳಿ ಸೀರೆ ಕಂಡೆ ಎಂದವರಿಗೆ ‘ಯಾರೋ ಬಟ್ಟೆ ಒಣಗಲು ಹಾಕಿರಬೇಕು’ ಎಂದು ಹೇಳಿ ಬೈಸಿಕೊಂಡಿದ್ದೇನೆ. ಸೌದಿಗೆ ಹೋದ ಮೇಲೆ ಕತೆಗಳ ವೇಷ ಬದಲಾಯಿತೇ ಹೊರತು ಕತೆಗಳು ಕಡಿಮೆಯಾಗಲಿಲ್ಲ. ಅಲ್ಲಿ ಮರುಭೂಮಿಯಲ್ಲಿ ಒಂಟಿಯಾಗಿ ಗಾಡಿ ಓಡಿಸುವವರ ಪಕ್ಕದ ಸೀಟಿನಲ್ಲಿ ಯಾರೋ ಬಂದು ಕುಳಿತುಕೊಳ್ಳುತ್ತಾರಂತೆ, ಹೆಸರು ಹಿಡಿದು ಕರೆಯುತ್ತಾರಂತೆ. ನಮ್ಮ ಕ್ಯಾಂಪಿನ ಡ್ರೈವರ್ ಗುಲ್ ಖಾನ್, ಪೇಶಾವರದ ಕಡೆಯ ಪಠಾಣ, ಇಂಥ ಕತೆಗಳ ಗೋದಾಮು. ‘ನಿನ್ನ ಜಿನ್ನಿಗೆ ಇಕಾಮಾ ಇದೆಯೇ ಕೇಳು, ಇಲ್ಲದಿದ್ದರೆ ಪೊಲೀಸರು ಹಿಡಿದು ಊರಿಗೆ ಕಳಿಸಿಯಾರು’ ಎಂದು, ಆ ದೇಶದಲ್ಲಿ ನೆಲೆಸಲು ಬೇಕಾದ ಪರವಾನಗಿಯ ಹೆಸರೆತ್ತಿ ನಾನು ಅವನನ್ನು ರೇಗಿಸುತ್ತಿದ್ದೆ. ಪಾಪ, ಅವನಿಗೆ ಸಿಟ್ಟು ಬರುತ್ತಿರಲಿಲ್ಲ.

ಈಗ ನಾನು ಹಾಗೆ ರೇಗಿಸುವುದಿಲ್ಲ. ನಂಬುತ್ತೇನೆ ಎಂದು ಇದರ ಅರ್ಥವಲ್ಲ. ನಂಬಲು ಆಗುವುದಿಲ್ಲ, ನಂಬದಿರಲೂ ಆಗುವುದಿಲ್ಲ ಎಂಬ ಸ್ಥಿತಿ ಎಷ್ಟು ಕಷ್ಟದ್ದು ಎಂದು ಅನುಭವಿಸಿದವರಿಗೇ ಗೊತ್ತು.

ತೊಂಬತ್ತರ ದಶಕದ ಕೊನೆಯ ಭಾಗ. ಆ ವರ್ಷಗಳಲ್ಲಿ ರಮಝಾನ್ ತಿಂಗಳು ಚಳಿಗಾಲದಲ್ಲಿ ಬರುತ್ತಿತ್ತು. ನಾನು ಜುಬೈಲಿನ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಪೈಪ್‌ಲೈನ್ ಕೆಲಸಕ್ಕಾಗಿ ನಮ್ಮ ಏಳೆಂಟು ಜನರನ್ನು ಉತ್ತರದ ಮರುಭೂಮಿಯಲ್ಲಿ ಒಂದು ಸಣ್ಣ ಕ್ಯಾಂಪ್ ಹಾಕಿ ಇರಿಸಿದ್ದರು. ಡಾಂಬರು ರಸ್ತೆ ಬಿಟ್ಟು ಮರಳಿನಲ್ಲಿ ಬಹಳ ದೂರ ಒಳಗೆ ಹೋಗಬೇಕು. ಮೊಬೈಲು ಇಲ್ಲದ ಕಾಲ. ಫೋರ್‌ಮನ್ನಿನ ಗಾಡಿಯಲ್ಲಿ ಒಂದು ವಯರ್‌ಲೆಸ್ ಇತ್ತು, ಆದರೆ ಫೋರ್‌ಮನ್ ಸಂಜೆಯಾದೊಡನೆ ಗಾಡಿ ಸಮೇತ ಜುಬೈಲಿಗೆ ಮರಳುತ್ತಿದ್ದ. ಹತ್ತಿರದ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ. ತಲೆನೋವಿನ ಮಾತ್ರೆ, ಸ್ವಲ್ಪ ಹತ್ತಿ, ಒಂದು ಬಾಟ್ಲಿ ಟಿಂಚರ್, ಇಷ್ಟೇ ನಮ್ಮ ವೈದ್ಯಶಾಲೆ.

ಕ್ಯಾಂಪಿನಲ್ಲಿ ನನ್ನ ಊರಿನ ಕಡೆಯವನು ಎಂದರೆ ಹಮೀದ್ ಒಬ್ಬನೇ. ಬಂಟ್ವಾಳದ ಹತ್ತಿರದವನು, ಇಲೆಕ್ಟ್ರಿಷಿಯನ್, ನನಗಿಂತ ಒಂದೆರಡು ವರ್ಷ ದೊಡ್ಡವನು. ನಮ್ಮಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನನ್ನನ್ನು ‘ಪೊರ್ಬುಗಳೇ’ ಎಂದೇ ಕರೆಯುತ್ತಿದ್ದ. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ಜಗಳವಾಡುವಾಗ ತುಳು, ಮಾತಾಡುವಾಗ ಕನ್ನಡ. ಊರಿನಲ್ಲಿ ಹುಟ್ಟಿ ಹತ್ತಿರ ಹತ್ತಿರ ವರ್ಷವಾಗಿದ್ದ ಒಬ್ಬಳು ಮಗಳಿದ್ದಳು ಅವನಿಗೆ, ಇನ್ನೂ ಮುಖ ನೋಡಿರಲಿಲ್ಲ. ಪೆರ್ನಾಳಿನ, ಅಂದರೆ ಈದ್ ಹಬ್ಬದ, ಮರುವಾರ ಅವನಿಗೆ ರಜೆ ಮಂಜೂರಾಗಿತ್ತು. ಮಗುವಿಗೆಂದು ಜುಬೈಲಿನಿಂದ ತಂದಿಟ್ಟಿದ್ದ ಗುಲಾಬಿ ಬಣ್ಣದ ಫ್ರಾಕನ್ನು ಮಂಚದ ಕೆಳಗಿನ ಪೆಟ್ಟಿಗೆಯಿಂದ ಆಗಾಗ ತೆಗೆದು ನೋಡುತ್ತಿದ್ದ. ‘ಮಗು ಬೆಳೆದಿರುತ್ತದೆ, ಇದು ಸಣ್ಣದಾಗುತ್ತದೆ’ ಎಂದರೆ ಕೋಪಿಸಿಕೊಳ್ಳುತ್ತಿದ್ದ.

ರಮಝಾನಿನ ಸಂಜೆ ಹಮೀದನೇ ಕ್ಯಾಂಪಿನ ಯಜಮಾನ. ಅಡುಗೆಯವನು ಕುಂಞಾಲಿ, ಮಲಪ್ಪುರಂ ಕಡೆಯ ವಯಸ್ಸಾದ ಮನುಷ್ಯ, ಸಂಬೂಸ ಕರಿದು ತರುವನು. ಡೇರೆಯಲ್ಲಿ ಚಾಪೆ ಹಾಸಿ ಖರ್ಜೂರ, ಮಜ್ಜಿಗೆ, ಹಣ್ಣು ಎಲ್ಲ ಜೋಡಿಸಿ ಎಲ್ಲರೂ ಸುತ್ತ ಕುಳಿತುಕೊಳ್ಳುವುದು. ನನಗೆ ಅವರ ನೋಂಬು, ಅಂದರೆ ಉಪವಾಸ, ಇಲ್ಲದಿದ್ದರೂ ನಾನೂ ಆ ಚಾಪೆಯ ಖಾಯಂ ಸದಸ್ಯ. ಕ್ಯಾಂಪಿನ ಪಕ್ಕದಲ್ಲೇ ಒಂದು ಕಚ್ಚಾ ದಾರಿ ಹಾದುಹೋಗುತ್ತಿದ್ದುದರಿಂದ ದಾರಿಹೋಕರೂ ಬರುತ್ತಿದ್ದರು. ಕುರಿ ಕಾಯುವ ಸೂಡಾನಿಗಳು, ನೀರಿನ ಟ್ಯಾಂಕರಿನವರು, ಎಲ್ಲಿಂದಲೋ ಎಲ್ಲಿಗೋ ಹೋಗುವವರು. ಬಾಂಗಿನ ಹೊತ್ತಿಗೆ ಬಂದವನಿಗೆ ಜಾಗ ಸರಿಸಿ ಕೊಡುವುದು, ಅಷ್ಟೇ. ಹೆಸರು, ಊರು ಕೇಳಲು ಹಮೀದ್ ಬಿಡುತ್ತಿರಲಿಲ್ಲ. ‘ಹೆಸರು ಕೇಳಿ ಕುಳ್ಳಿರಿಸಿದರೆ ಅದು ನೋಂಬು ಬಿಡಿಸಿದ ಹಾಗಾ, ಪೊಲೀಸ್ ಸ್ಟೇಷನ್ನಿನ ಹಾಗಾ?’ ಎಂದು ಒಮ್ಮೆ ನನಗೇ ಗದರಿದ್ದ. ಉಪವಾಸವಿದ್ದವನ ಕೈಗೆ ಮೊದಲ ನೀರು ಕೊಡುವುದು ದೊಡ್ಡ ಪುಣ್ಯವೆಂದು ಅವರ ನಂಬಿಕೆ. ಹಾಗಾಗಿ ಒಬ್ಬರಿಗೊಬ್ಬರು ಬಾಟ್ಲಿ, ಖರ್ಜೂರ ದಾಟಿಸುವುದರಲ್ಲೇ ಒಂದು ಸಣ್ಣ ಸ್ಪರ್ಧೆ ನಡೆಯುತ್ತಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ಮರುಭೂಮಿಯ ಚಳಿ ನಮ್ಮ ಕರಾವಳಿಯವರಿಗೆ ಸಹಿಸಲಾಗದ್ದು. ಡೇರೆಯಲ್ಲಿ ಸೀಮೆಎಣ್ಣೆಯ ಹೀಟರ್ ಇತ್ತು. ಎಣ್ಣೆ ಡ್ರಮ್ಮಿನಲ್ಲಿ ಬರುತ್ತಿತ್ತು. ಅದನ್ನು ದಿನಬಳಕೆಗೆ ಖಾಲಿ ನೀರಿನ ಬಾಟ್ಲಿಗಳಲ್ಲಿ ತುಂಬಿಸಿ ಹೀಟರಿನ ಪಕ್ಕ ಇಡುತ್ತಿದ್ದರು. ಎಲ್ಲ ಕ್ಯಾಂಪುಗಳಲ್ಲೂ ಹೀಗೆಯೇ. ಲೇಬಲ್ ಹರಿದು ತೆಗೆದ ಬಾಟ್ಲಿಯೆಂದರೆ ಸೀಮೆಎಣ್ಣೆ, ಲೇಬಲ್ ಇರುವುದು ನೀರು. ನಮಗೆಲ್ಲ ಅದು ಅಭ್ಯಾಸವಾಗಿತ್ತು, ಇದರಲ್ಲೊಂದು ಅಪಾಯವಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಆ ಸಂಜೆ ಗಾಳಿ ಜೋರಾಗಿತ್ತು. ಡೀಸೆಲ್ ತುಂಬಿಸಲೆಂದು ಜನರೇಟರ್ ನಿಲ್ಲಿಸಿದ್ದರಿಂದ ಡೇರೆಯೊಳಗೆ ಹೀಟರಿನ ಕೆಂಪು ಬೆಳಕು ಮಾತ್ರ. ಹಮೀದನಿಗೆ ಶೀತವಾಗಿ ಮೂಗು ಕಟ್ಟಿತ್ತು. ಅವನ ಪಕ್ಕದಲ್ಲಿ ಒಬ್ಬ ಹೊರಗಿನವನು ಕುಳಿತಿದ್ದ. ಹಳೆಯ ಹಸಿರು ಕೋಟು ಹಾಕಿ, ಕೆಂಪು ಚೌಕುಳಿಯ ತಲೆವಸ್ತ್ರವನ್ನು ಕಿವಿ ಬಾಯಿ ಮುಚ್ಚುವಂತೆ ಸುತ್ತಿಕೊಂಡಿದ್ದ. ಚಳಿಗೆ ಎಲ್ಲರೂ ಸುತ್ತಿಕೊಳ್ಳುವುದೇ ಹಾಗೆ. ಅವನು ಯಾವಾಗ ಬಂದ ಎಂದು ನಾನು ಗಮನಿಸಿರಲಿಲ್ಲ. ಗುಲ್ ಖಾನನ ಪರಿಚಯದವನಿರಬೇಕು ಎಂದುಕೊಂಡು ಸುಮ್ಮನಾದೆ. ಟ್ರಾನ್ಸಿಸ್ಟರಿನಲ್ಲಿ ಬಾಂಗ್ ಶುರುವಾಯಿತು. ನಾನು ಚಾಪೆಯ ಇನ್ನೊಂದು ತುದಿಯಲ್ಲಿ ಸಂಬೂಸದ ತಟ್ಟೆ ದಾಟಿಸುತ್ತಿದ್ದೆ. ಹಮೀದ್ ಖರ್ಜೂರ ಬಾಯಿಗೆ ಹಾಕಿದ್ದನ್ನು ಕಂಡೆ. ತಲೆ ಹಿಂದಕ್ಕೆ ಹಾಕಿ ಬಾಟ್ಲಿ ಎತ್ತಿದ್ದನ್ನೂ ಕಂಡೆ. ಬೆಳಗ್ಗಿನಿಂದ ಬಾಯಾರಿದವನು ಕುಡಿಯುವ ಹಾಗೆಯೇ ಕುಡಿದ, ಗಟಗಟನೆ.

ಮರುಕ್ಷಣ ಬಾಟ್ಲಿ ಚಾಪೆಗೆ ಬಿತ್ತು. ಹಮೀದ್ ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ಕೆಮ್ಮತೊಡಗಿದ. ಆ ಕೆಮ್ಮು ಈಗಲೂ ನನ್ನ ಕಿವಿಯಲ್ಲಿದೆ, ಮನುಷ್ಯನ ಎದೆಯಿಂದ ಅಂಥ ಸದ್ದು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಚಾಪೆಯ ತುಂಬ ಸೀಮೆಎಣ್ಣೆಯ ವಾಸನೆ ಹರಡಿತು. ‘ಯಾ ಅಲ್ಲಾಹ್’ ಎಂದು ಕುಂಞಾಲಿ ಕೂಗಿ, ಚೆಲ್ಲಿದ ಎಣ್ಣೆಗೆ ಬೆಂಕಿ ತಗಲದಂತೆ ಮೊದಲು ಹೀಟರನ್ನು ಹೊರಗೆಳೆದ. ಅವನಿಗೆ ಆ ಬುದ್ಧಿ ಬಾರದಿದ್ದರೆ ನಾವೆಲ್ಲರೂ ಅಲ್ಲೇ ಸುಟ್ಟುಹೋಗುತ್ತಿದ್ದೆವು.

ಟಾರ್ಚಿನ ಬೆಳಕಿನಲ್ಲಿ ಹಮೀದನ ಕಣ್ಣು ಕೆಂಡದಂತಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು, ವಾಂತಿ ಮಾಡಿಸಿ, ವಾಂತಿ ಮಾಡಿಸಿ. ನನಗೂ ಅದರಲ್ಲಿ ಸಂಶಯವಿರಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಬೈಲಿನಲ್ಲಿ ಒಬ್ಬಾಕೆ ಗದ್ದೆಗೆ ಹೊಡೆಯುವ ಮದ್ದು ಕುಡಿದಿದ್ದಳು. ಹೆಂಗಸರೆಲ್ಲ ಸೇರಿ ಸಾಬೂನಿನ ನೀರು, ಉಪ್ಪಿನ ನೀರು ಕುಡಿಸಿ ಕಕ್ಕಿಸಿದರು, ಆಕೆ ಬದುಕಿದಳು. ವಿಷವೆಂದರೆ ಹೊರಗೆ ತೆಗೆಯಬೇಕು ಎಂಬುದು ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿತ್ತು. ಓಡಿಹೋಗಿ ದೊಡ್ಡ ಲೋಟದಲ್ಲಿ ಬಿಸಿನೀರಿಗೆ ಹಿಡಿ ಉಪ್ಪು ಹಾಕಿ ಕಲಸಿದೆ. ಕುಂಞಾಲಿ ಒಂದು ಪಾತ್ರೆ ಹಾಲು ತಂದ. ಇಬ್ಬರು ಹಮೀದನ ತಲೆ ಹಿಡಿದರು, ನಾನು ಅವನ ದವಡೆ ಒತ್ತಿ ಬಾಯಿ ತೆರೆಸಿ ಲೋಟ ತುಟಿಗೆ ತಂದೆ.

ಆಗ ಯಾರೋ ನನ್ನ ಮಣಿಕಟ್ಟು ಹಿಡಿದರು. ‘ಲಾ’ ಎಂದಿತು ಒಂದು ಸ್ವರ. ಬೇಡ ಎಂಬುದಕ್ಕೆ ಅರಬಿಯ ಆ ಒಂದಕ್ಷರ ನಮಗೆಲ್ಲ ಗೊತ್ತಿದ್ದದ್ದೇ. ತಿರುಗಿದರೆ ಹಸಿರು ಕೋಟಿನವನು. ನಾನು ಕೈ ಕೊಸರಿದೆ, ಬಿಡಲಿಲ್ಲ. ಸಿಟ್ಟಿನಿಂದ ಕೊಂಕಣಿಯಲ್ಲೇ ಬೈದೆ. ಅವನು ಲೋಟವನ್ನು ತೆಗೆದುಕೊಂಡು ಹೊರಗಿನ ಮರಳಿಗೆ ಚೆಲ್ಲಿದ. ಹಾಲಿನ ಪಾತ್ರೆಯನ್ನು ಕಾಲಿನಿಂದ ದೂರ ಸರಿಸಿದ. ಮತ್ತೆ ‘ಲಾ’ ಎಂದ. ನಮ್ಮಲ್ಲಿ ಯಾರೂ ಅವನನ್ನು ತಡೆಯಲಿಲ್ಲ. ಯಾಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಷ್ಟು ಜನರಲ್ಲಿ ಹೆದರದವನು ಅವನೊಬ್ಬನೇ ಇದ್ದ, ಅದೇ ಕಾರಣವಿರಬೇಕು.

ಅವನು ಹಮೀದನ ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಉಗುಳುವಂತೆ ಮಾಡಿದ, ನುಂಗಲು ಬಿಡಲಿಲ್ಲ. ಎಣ್ಣೆ ಚೆಲ್ಲಿ ತೊಯ್ದಿದ್ದ ಅಂಗಿಯನ್ನು ತೆಗೆಸಿ, ಎದೆ ಕುತ್ತಿಗೆ ಸಾಬೂನು ನೀರಿನಲ್ಲಿ ಒರೆಸಿ ಕಂಬಳಿ ಸುತ್ತಿದ. ಬೆರಳು ಹಾಕಿ ಗಂಟಲು ಕೆದಕಲು ಹೋದ ಒಬ್ಬನ ಕೈಯನ್ನು ತಟ್ಟಿ ಸರಿಸಿದ. ಅಷ್ಟರಲ್ಲಿ ಗುಲ್ ಖಾನ್ ಪಿಕಪ್ ತಂದು ನಿಲ್ಲಿಸಿದ್ದ. ‘ಯಸಾರ್’ ಎನ್ನುತ್ತಾ ತನ್ನ ಎಡಭಾಗವನ್ನು ತಟ್ಟಿ ತೋರಿಸಿದ ಆ ಮನುಷ್ಯ, ಹಮೀದನನ್ನು ಹಿಂಭಾಗದಲ್ಲಿ ಹಾಸಿದ ಹಾಸಿಗೆಯ ಮೇಲೆ ಎಡಮಗ್ಗುಲಾಗಿ ಮಲಗಿಸಿದ. ಕೊನೆಗೆ ಚಾಪೆಯ ಮೇಲಿದ್ದ ಸೀಮೆಎಣ್ಣೆಯ ಬಾಟ್ಲಿಯನ್ನು ಮುಚ್ಚಳ ಹಾಕಿ ನನ್ನ ಕೋಟಿನ ಜೇಬಿಗೆ ತುರುಕಿದ. ಆಗ ನನಗೆ ಅದೇಕೆಂದು ಅರ್ಥವಾಗಲಿಲ್ಲ.

ಮುಂದೆ ಗುಲ್ ಖಾನ್ ಒಬ್ಬನೇ. ಹಿಂದೆ, ತೆರೆದ ಪಿಕಪ್ಪಿನಲ್ಲಿ ನಾನು, ಹಮೀದ್, ಆ ಮನುಷ್ಯ. ಹಮೀದನ ತಲೆ ಅವನ ಮಡಿಲಲ್ಲಿತ್ತು. ಮರಳಿನ ದಾರಿಯಲ್ಲಿ ಗಾಡಿ ಎತ್ತಿ ಎತ್ತಿ ಹಾಕುತ್ತಿತ್ತು. ಚಳಿ ಎಂದರೆ ಎಲುಬು ಕೊರೆಯುವ ಚಳಿ. ನಡುವೆ ಹಮೀದ್ ತಾನಾಗಿಯೇ ಒಮ್ಮೆ ವಾಂತಿ ಮಾಡಿಕೊಂಡ. ಆ ಮನುಷ್ಯ ಒಡನೆಯೇ ಅವನ ಮುಖವನ್ನು ಕೆಳಕ್ಕೆ ತಿರುಗಿಸಿ ಹಿಡಿದ, ಎಲ್ಲ ಹೊರಗೆ ಹರಿದುಹೋಯಿತು. ಆಮೇಲೆ ನನ್ನ ಬಲಗೈಯನ್ನು ತೆಗೆದುಕೊಂಡು ಹಮೀದನ ಬೆನ್ನಿಗೆ ಒತ್ತಿ, ಅದರ ಮೇಲೆ ತನ್ನ ಕೈ ಇಟ್ಟ. ಹಮೀದ್ ಮಗುಚಿ ಅಂಗಾತವಾಗದಂತೆ ಹಿಡಿದಿರು ಎಂದು ಅದರ ಅರ್ಥ.

ಗಾಳಿಗೆ ಮರಳು ಮುಖಕ್ಕೆ ರಾಚುತ್ತಿತ್ತು. ನಾನು ಕಂಬಳಿಯ ತುದಿಯಿಂದ ತಲೆ ಮುಚ್ಚಿ ಕಣ್ಣು ಮುಚ್ಚಿಕೊಂಡೆ. ವರ್ಷಗಟ್ಟಲೆ ಮರೆತಿದ್ದ ಜಪಸರದ ಪ್ರಾರ್ಥನೆ ನಾಲಿಗೆಗೆ ತಾನಾಗಿ ಬಂತು. ಹಮೀದನ ಉಸಿರು ನನ್ನ ಅಂಗೈಯ ಕೆಳಗೆ ಗೊರಗೊರ ಎನ್ನುತ್ತಿತ್ತು. ಒಮ್ಮೆ ನಿಂತಂತಾಗುವುದು, ಮತ್ತೆ ಶುರುವಾಗುವುದು. ನನ್ನ ಕೈಯ ಮೇಲೆ ಆ ಮನುಷ್ಯನ ಕೈ ಭಾರವಾಗಿ ಹಾಗೆಯೇ ಇತ್ತು. ಒರಟು ಅಂಗೈ, ಆ ಚಳಿಯಲ್ಲೂ ಬೆಚ್ಚಗಿತ್ತು. ಈ ಒಂದು ವಿಷಯವನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಆ ಕೈ ಒಂದು ಕ್ಷಣವೂ ಎದ್ದಿರಲಿಲ್ಲ. ಡಾಂಬರು ರಸ್ತೆ ಸಿಕ್ಕಿ ಗಾಡಿಯ ಕುಲುಕಾಟ ನಿಂತಾಗಲೂ ಅದು ಅಲ್ಲೇ ಇತ್ತು. ಗಾಡಿ ನಿಧಾನಿಸಿದಾಗಲೂ ಇತ್ತು.

ಗಾಡಿ ನಿಂತಿತು. ಪೊಲೀಸ್ ಚೆಕ್‌ಪೋಸ್ಟು. ದೊಡ್ಡ ದೀಪದ ಬೆಳಕು ಮುಖಕ್ಕೆ ಬಿತ್ತು, ನಾನು ಕಂಬಳಿ ಸರಿಸಿದೆ. ನನ್ನ ಬಲಗೈ ಹಮೀದನ ಬೆನ್ನ ಮೇಲಿತ್ತು. ಅದರ ಮೇಲೆ ಯಾವ ಕೈಯೂ ಇರಲಿಲ್ಲ. ಹಮೀದನ ತಲೆ ಮಡಚಿದ ಗೋಣಿಯ ಮೇಲಿತ್ತು. ಪಿಕಪ್ಪಿನಲ್ಲಿ ನಾವಿಬ್ಬರೇ.

ಖರ್ಜೂರ ಜಗಿಯುತ್ತಾ ಬಂದ ಪೊಲೀಸಿನವನು ಹಮೀದನ ಮುಖ ನೋಡಿ ಗಾಬರಿಯಾಗಿ, ಕಾಗದಪತ್ರ ಕೇಳದೆಯೇ ‘ಯಲ್ಲಾ, ಯಲ್ಲಾ’ ಎಂದು ಬೇಗ ಹೋಗುವಂತೆ ಕೈ ಬೀಸಿ ಬಿಟ್ಟುಬಿಟ್ಟ. ನನಗೆ ಯೋಚಿಸಲು ಹೊತ್ತಿರಲಿಲ್ಲ. ಹಮೀದನ ತುಟಿ ನೀಲಿಯಾಗುತ್ತಿತ್ತು. ನಾನು ಅವನನ್ನು ಎಡಮಗ್ಗುಲಲ್ಲೇ ಒತ್ತಿ ಹಿಡಿದುಕೊಂಡು ಆಸ್ಪತ್ರೆಯವರೆಗೆ ಹೋದೆ.

ಅಲ್ಲಿದ್ದವರು ಒಬ್ಬ ಸೂಡಾನಿ ಡಾಕ್ಟರು. ನಾನು ಜೇಬಿನಿಂದ ಬಾಟ್ಲಿ ತೆಗೆದು ಕೊಟ್ಟೊಡನೆ ಮೂಸಿ ನೋಡಿ, ‘ವಾಂತಿ ಮಾಡಿಸಿದಿರಾ?’ ಎಂದು ಮೊದಲು ಕೇಳಿದರು. ಇಲ್ಲ ಎಂದೆ. ‘ಹಾಲು, ಎಣ್ಣೆ ಏನಾದರೂ ಕೊಟ್ಟಿರಾ?’ ಇಲ್ಲ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಇದನ್ನೆಲ್ಲ ನಿಮಗೆ ಹೇಳಿಕೊಟ್ಟವರು ಯಾರು ಎಂದರು. ಆಮೇಲೆ ಬಿಡುವಾದಾಗ ತಿಳಿಸಿ ಹೇಳಿದರು, ಓದುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಸೀಮೆಎಣ್ಣೆ, ಪೆಟ್ರೋಲು ಹೊಟ್ಟೆಯಲ್ಲಿ ಮಾಡುವ ಹಾನಿಗಿಂತ ಶ್ವಾಸಕೋಶಕ್ಕೆ ಹೋದಾಗ ಮಾಡುವ ಹಾನಿ ದೊಡ್ಡದು. ವಾಂತಿ ಮಾಡಿಸಿದರೆ ಅದು ಮತ್ತೊಮ್ಮೆ ಗಂಟಲಿಗೆ ಬಂದು ಉಸಿರಿನ ದಾರಿಗೆ ಇಳಿಯುತ್ತದೆ. ಸುಡುವ ಆಸಿಡ್ಡಿನಂಥವನ್ನು ಕುಡಿದವರಿಗೂ ವಾಂತಿ ಮಾಡಿಸಬಾರದು, ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ. ಬಾಯಿ ತೊಳೆಸಿ, ಬಟ್ಟೆ ಬದಲಿಸಿ, ಮಗ್ಗುಲಾಗಿ ಮಲಗಿಸಿ, ಕುಡಿದ ಬಾಟ್ಲಿಯ ಸಮೇತ ಆದಷ್ಟು ಬೇಗ ಡಾಕ್ಟರ ಹತ್ತಿರ ಬರಬೇಕು. ‘ನೀವು ಉಪ್ಪುನೀರು ಕುಡಿಸಿ ತಂದಿದ್ದರೆ ನಾನು ಬರೇ ಸರ್ಟಿಫಿಕೇಟ್ ಬರೆಯಬೇಕಾಗಿತ್ತು’ ಎಂದರು ಅವರು. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಗುಲ್ ಖಾನ್ ಗಾಡಿ ನಿಲ್ಲಿಸಿ ಒಳಗೆ ಬಂದವನೇ ಕೇಳಿದ, ‘ಭಾಯ್, ವೋ ಆದ್ಮಿ ಕಿಧರ್ ಗಯಾ?’

ಆ ಮನುಷ್ಯ ಎಲ್ಲಿಗೆ ಹೋದ ಎಂದು ನಾನೇ ಅವನನ್ನು ಕೇಳಬೇಕೆಂದಿದ್ದೆ. ದಾರಿಯಲ್ಲಿ ಎಲ್ಲಿಯೂ ನಿಲ್ಲಿಸಿರಲಿಲ್ಲವೆಂದು ಗುಲ್ ಖಾನ್ ಆಣೆ ಹಾಕಿದ. ಆ ಮನುಷ್ಯ ನಮ್ಮೂರಿನವನು, ಹಮೀದನ ನೆಂಟ ಎಂದು ಅವನು ತಿಳಿದಿದ್ದನಂತೆ. ಮರುದಿನ ಕ್ಯಾಂಪಿಗೆ ಬಂದು ಕೇಳಿದರೆ ಕುಂಞಾಲಿ ಅವನನ್ನು ಟ್ಯಾಂಕರಿನವನೆಂದುಕೊಂಡಿದ್ದ. ಉಳಿದವರು ಅವನನ್ನು ನನ್ನ ಜೊತೆ ಬಂದವನೆಂದುಕೊಂಡಿದ್ದರು. ಹೆಸರು ಕೇಳದ ನಮ್ಮ ಪದ್ಧತಿಯಿಂದಾಗಿ ಪ್ರತಿಯೊಬ್ಬರೂ ಅವನನ್ನು ಇನ್ನೊಬ್ಬರ ತಲೆಗೆ ಕಟ್ಟಿ ನಿಶ್ಚಿಂತೆಯಾಗಿದ್ದರು. ಕುರಿ ಕಾಯುವವರನ್ನು ಕೇಳಿದೆವು, ಟ್ಯಾಂಕರಿನವರನ್ನು ಕೇಳಿದೆವು. ಅಂಥ ಮನುಷ್ಯನನ್ನು ಕಂಡವರಿಲ್ಲ. ಗಾಳಿ ಬೀಸಿದ್ದರಿಂದ ಹೆಜ್ಜೆ ಗುರುತು ನೋಡುವ ಮಾತೇ ಇಲ್ಲ.

ಇಷ್ಟಾದರೂ ನಾನು ಮಣಿಯಲಿಲ್ಲ. ಗುಲ್ ಖಾನ್ ‘ಫರಿಶ್ತಾ’, ದೇವದೂತ, ಎಂದು ಎರಡೂ ಕೈ ಕಣ್ಣಿಗೆ ಒತ್ತಿಕೊಂಡಾಗ ನಾನು ಹೇಳಿದೆ, ಫರಿಶ್ತಾನೂ ಅಲ್ಲ, ಗಿರಿಶ್ತಾನೂ ಅಲ್ಲ, ಇಕಾಮಾ ಇಲ್ಲದ ಯಾರೋ ಪಾಪದವನು. ಹಿಂದೆ ಎಲ್ಲೋ ಕಂಪೌಂಡರ್ ಆಗಿದ್ದಿರಬೇಕು. ಮರಳಿನಿಂದ ರಸ್ತೆಗೆ ಹತ್ತುವಾಗ ಗಾಡಿ ನಿಧಾನಿಸಿದೆ, ಚೆಕ್‌ಪೋಸ್ಟಿನ ಬೆಳಕು ದೂರದಿಂದ ಕಂಡಿದೆ, ಹಾರಿ ಓಡಿದ್ದಾನೆ. ಇದಕ್ಕಿಂತ ಸರಿಯಾದ ವಿವರಣೆ ಬೇರೇನು ಬೇಕು? ಎಲ್ಲರೂ ಒಪ್ಪಿದರು. ನನ್ನ ಕೈಯ ಮೇಲಿದ್ದ ಕೈಯ ವಿಚಾರವನ್ನು ನಾನು ಯಾರಿಗೂ ಹೇಳಲಿಲ್ಲ. ಚಳಿಗೆ ಮರಗಟ್ಟಿದ ಕೈಗೆ ಏನೇನೋ ಅನಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹಮೀದನಿಗೆ ನ್ಯುಮೋನಿಯಾ ಆಯಿತು. ಬಹಳ ದಿನ ಮೂಗಿಗೆ ನಳಿಗೆ ಹಾಕಿಯೇ ಇಟ್ಟಿದ್ದರು. ಬದುಕುತ್ತಾನೋ ಇಲ್ಲವೋ ಎಂದು ಡಾಕ್ಟರರೂ ಹೇಳಲಾರದ ದಿನಗಳು ಕಳೆದವು. ಪೆರ್ನಾಳು ಆಸ್ಪತ್ರೆಯಲ್ಲೇ ಆಯಿತು. ಪೊಲೀಸರು ಬಂದು ಅವನನ್ನು ವಿಚಾರಿಸಿದರು. ನೀರೆಂದು ತಿಳಿದು ತಾನೇ ಬಾಟ್ಲಿ ತೆಗೆದು ಕುಡಿದೆ ಎಂದು ಅವನು ಹೇಳಿಕೆ ಕೊಟ್ಟ. ಅಲ್ಲಿಗೆ ಕೇಸು ಮುಗಿಯಿತು.

ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಒಂದು ಶುಕ್ರವಾರ ನಾನು ನೋಡಲು ಹೋದೆ. ಹಣ್ಣಿನ ಚೀಲ ಇಟ್ಟು, ನಮ್ಮ ಹಸಿರು ಕೋಟಿನ ಕಂಪೌಂಡರಿನ ಪ್ರತಾಪವನ್ನೆಲ್ಲ ನಗೆಯಾಗಿ ವರ್ಣಿಸಿದೆ. ಹಮೀದ್ ನಗಲಿಲ್ಲ.

‘ಪೊರ್ಬುಗಳೇ, ಆ ಬಾಗಿಲು ಸ್ವಲ್ಪ ಎಳೆಯಿರಿ’ ಎಂದ. ಎಳೆದು ಬಂದೆ.

‘ಬಾಟ್ಲಿ ನಾನು ತೆಗೆದದ್ದಲ್ಲ. ಅವ ಕೊಟ್ಟದ್ದು.’

‘ಯಾವ ಅವ?’

‘ನಿಮ್ಮ ಕಂಪೌಂಡರ್.’

ನಾನು ಹೇಳಿದೆ, ‘ಅವನಿಗೆ ಗೊತ್ತಾಗಿರಲಿಕ್ಕಿಲ್ಲ ಮಾರಾಯ್ರೆ. ಹೊರಗಿನವ. ಲೇಬಲ್ ಇಲ್ಲದ್ದು ಚಿಮಿಣಿ ಎಣ್ಣೆ ಅಂತ ಅವನಿಗೆಂತ ಗೊತ್ತು? ಪುಣ್ಯ ಸಿಗ್ತದೆ ಅಂತ ಕೊಟ್ಟಿದ್ದಾನೆ. ಮತ್ತೆ ಹೆದರಿ ಓಡಿದ್ದಾನೆ. ಈಗ ಸರಿಯಾಯ್ತು ನೋಡಿ, ಓಡಿದ್ದು ಯಾಕೆ ಅಂತ ನನಗೂ ಈಗ ಗೊತ್ತಾಯ್ತು.’

‘ಅವನಿಗೆ ಗೊತ್ತಿತ್ತು’ ಎಂದ ಹಮೀದ್. ಪ್ರತಿ ಮಾತಿಗೂ ಅವನು ಉಸಿರು ಎಳೆದುಕೊಳ್ಳಬೇಕಾಗಿತ್ತು. ‘ನಾನು ನೀರಿನ ಬಾಟ್ಲಿಯನ್ನೇ ಹಿಡಿದಿದ್ದೆ. ಅವ ಅದನ್ನು ನನ್ನ ಕೈಯಿಂದ ತೆಗೆದು ಕೆಳಗೆ ಇಟ್ಟ. ಹೀಟರಿನ ಹತ್ತಿರದ್ದನ್ನು ತೆಗೆದ. ಮುಚ್ಚಳ ಬಿಚ್ಚಿದ, ಮುಖದ ಬಟ್ಟೆ ಕೆಳಗೆ ಮಾಡಿ ಮೂಸಿ ನೋಡಿದ. ಮೂಸಿ ನೋಡಿ ಮತ್ತೆ ನನಗೆ ಕೊಟ್ಟ.’

‘ನೀವು ತೆಗೊಂಡದ್ದು ಯಾಕೆ?’

‘ಬಾಂಗ್ ಆಗ್ತಾ ಇತ್ತು. ನೋಂಬು ಬಿಡುವಾಗ ಒಬ್ಬ ಕೈಗೆ ಕೊಟ್ಟದ್ದನ್ನು ಬೇಡ ಅಂತ ಹೇಳ್ತೇವಾ? ನೀರು ಕೆಟ್ಟಿದೆಯೋ ಅಂತ ನೋಡಿರಬೇಕು ಅಂತ ಗ್ರಹಿಸಿದೆ. ನನಗೆ ಮೂಗು ಕಟ್ಟಿತ್ತು.’

‘ಮುಖ ನೋಡಿದಿರಲ್ಲ, ಯಾರು?’

‘ಗುರುತಿಲ್ಲ’ ಎಂದ. ಮತ್ತೆ ಉಸಿರು ಎಳೆದುಕೊಂಡು, ‘ಅವನಿಗೆ ನನ್ನ ಗುರುತಿತ್ತು. ಹಾಗೆ ನೋಡಿದ’ ಎಂದ.

ಜ್ವರದಲ್ಲಿ ಕಂಡ ಕನಸಿರಬೇಕು ಎಂದೆ. ಸೀಮೆಎಣ್ಣೆ ತಲೆಗೇರಿದರೆ ಹಾಗೆಲ್ಲ ಆಗುತ್ತದೆ ಎಂದೆ. ನನ್ನ ಧ್ವನಿ ನನಗೇ ಸುಳ್ಳಾಗಿ ಕೇಳುತ್ತಿತ್ತು. ಕೊಲ್ಲಲು ಬಂದವನೇ ಆಗಿದ್ದರೆ, ನಾನು ಉಪ್ಪುನೀರು ಕುಡಿಸುವಾಗ ಸುಮ್ಮನೆ ಕುಳಿತಿದ್ದರೆ ಸಾಕಿತ್ತಲ್ಲ, ಅವನ ಕೆಲಸವನ್ನು ನಾನೇ ಮುಗಿಸಿಕೊಡುತ್ತಿದ್ದೆ. ಉಳಿಸಲು ಬಂದವನಾಗಿದ್ದರೆ ಮೂಸಿ ನೋಡಿ ಕೊಟ್ಟದ್ದೇಕೆ? ಇದನ್ನು ನಾನು ಹಮೀದನನ್ನೇ ಕೇಳಿದೆ. ‘ಅದು ನನಗೂ ಕೇಳಲಿಕ್ಕುಂಟು’ ಎಂದ ಅವನು. ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದರೆ, ‘ಹೆಸರಿಲ್ಲದವನನ್ನು ಅವರು ಎಲ್ಲಿಂದ ಹಿಡೀತಾರೆ? ಎಣ್ಣೆ ಅಲ್ಲಿಟ್ಟವ ಅಂತ ಕುಂಞಾಲಿಯನ್ನು ಎಳ್ಕೊಂಡು ಹೋಗ್ತಾರೆ’ ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಆಗ ನಾನು ನನ್ನ ಕೈಯ ಮೇಲಿದ್ದ ಕೈಯ ಸಂಗತಿಯನ್ನು ಅವನಿಗೆ ಹೇಳಿದೆ. ಅವನೊಬ್ಬನಿಗೆ ಮಾತ್ರ.

ಕಂಪೆನಿಯವರು ಹಮೀದನಿಗೆ ಎಕ್ಸಿಟ್ ಹೊಡೆದು ಊರಿಗೆ ಕಳಿಸಿದರು. ಅಂಥ ಎದೆಯಿಟ್ಟುಕೊಂಡು ಮರುಭೂಮಿಯಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ.

ಮರುವರ್ಷ ರಜೆಯಲ್ಲಿ ನಾನು ಅವನ ಮನೆಗೆ ಹೋದೆ. ಸೊರಗಿದ್ದ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಗಳು ಅವನ ಕಾಲಿಗೆ ತೊಡರಿಕೊಂಡು ಓಡಾಡುತ್ತಿದ್ದಳು. ನಾವಿಬ್ಬರೂ ಊರಿನ ಸುದ್ದಿ, ಕ್ಯಾಂಪಿನ ಸುದ್ದಿ ಎಲ್ಲ ಮಾತಾಡಿದೆವು, ಆ ಸಂಜೆಯೊಂದನ್ನು ಬಿಟ್ಟು. ಊಟವಾದ ಮೇಲೆ ಅವನು ಕೈತೊಳೆಯಲು ಹೊರಗೆ ಹೋದಾಗ ಅವನ ಹೆಂಡತಿ ಜುಬೈದಾ ಬಾಗಿಲ ಮರೆಯಲ್ಲಿ ನಿಂತು ನನ್ನನ್ನು ಕರೆದರು.

‘ಅಣ್ಣ, ಒಂದು ಕೇಳ್ಬೇಕಿತ್ತು. ಇವರನ್ನು ಮಡಿಲಲ್ಲಿ ಹಾಕಿಕೊಂಡು ಬಂದು ಉಳಿಸಿದರಲ್ಲ, ಅವರ ಹೆಸರೆಂತ? ಇವರಲ್ಲಿ ಎಷ್ಟು ಸಲ ಕೇಳಿದರೂ ಹೇಳುವುದಿಲ್ಲ. ಐದು ಹೊತ್ತು ನಮಾಝಿನಲ್ಲೂ ಅವರಿಗಾಗಿ ದುಆ ಮಾಡ್ತೇನೆ. ಅವರಿಗೂ ಮಕ್ಕಳು ಮರಿ ಇರಬಹುದು. ಹೆಸರು ಗೊತ್ತಿದ್ದರೆ ಹೆಸರು ಹೇಳಿಯೇ ಮಾಡಬಹುದಿತ್ತು.’

ಹಮೀದ್ ಅಂಗಳದಿಂದ ಬಂದು ಮೆಟ್ಟಿಲ ಮೇಲೆ ನಿಂತಿದ್ದ. ಕೆಮ್ಮು ತಡೆದುಕೊಂಡು ನನ್ನನ್ನೇ ನೋಡಿದ, ಹೇಳಬೇಡಿ ಎಂಬಂತೆ ತಲೆಯಾಡಿಸಿದ.

‘ಹೆಸರು ಕೇಳ್ಲಿಲ್ಲಮ್ಮ’ ಎಂದೆ.

‘ತೊಂದರೆ ಇಲ್ಲ’ ಎಂದರು ಜುಬೈದಾ, ‘ಅಲ್ಲಾಹನಿಗೆ ಗೊತ್ತಿರ್ತದಲ್ಲ, ಯಾರು ಅಂತ.’

ಆಮೇಲೆ ಬಹಳ ವರ್ಷಗಳಾದವು. ಹಮೀದನ ಎದೆ ಅವನನ್ನು ಹೆಚ್ಚು ಕಾಲ ಉಳಿಸಲಿಲ್ಲ, ಆದರೆ ಮಗಳನ್ನು ಶಾಲೆಗೆ ಸೇರಿಸುವವರೆಗೆ ಇದ್ದ. ಜುಬೈದಾ ಈಗಲೂ ಆ ಮನುಷ್ಯನಿಗಾಗಿ ಪ್ರಾರ್ಥಿಸುತ್ತಾರೆ. ಅವರ ಆ ಪ್ರಾರ್ಥನೆ ಯಾರಿಗೆ ಹೋಗಿ ಸೇರುತ್ತಿದೆ ಎಂದು ಯೋಚಿಸಿದರೆ ನನಗೆ ಇಂದಿಗೂ ಹೆದರಿಕೆಯಾಗುತ್ತದೆ.